ಜಿನೀವಾದ ಅಳಿಯ

ಗುದ್ದಲಿ ಕಲ್ಲಿಗೆ ತಗುಲಿ ಠಣ್ಣೆಂದಿತು. ಸೆರೋಪ್ ಎತ್ತಿದ ಕೈಯನ್ನು ಗಾಳಿಯಲ್ಲೇ ನಿಲ್ಲಿಸಿದ. ಹಿಪ್ಪುನೇರಳೆ ತೋಟದಲ್ಲಿದ್ದ ಅಷ್ಟೂ ಜನ ಉಸಿರು ಬಿಗಿಹಿಡಿದು ಗುಡ್ಡದ ಮೇಲಿನ ದಾರಿಯ ಕಡೆ ನೋಡಿದರು. ಯಾರೂ ಕಾಣಲಿಲ್ಲ. ಕೆಳಗಿನ ಕೇರಿಯಲ್ಲಿ, ಯಜಮಾನರು ಬಿಟ್ಟುಹೋದ ನಾಯಿಯೊಂದು ಒಂದೆರಡು ಸಲ ಬೊಗಳಿ ಸುಮ್ಮನಾಯಿತು.

"ಮೆಲ್ಲಗೆ ಅಗೆಯೋ ಮಾರಾಯ," ಎಂದರು ಪಾದ್ರಿ ನೆರ್ಸೆಸ್.

"ಮೆಲ್ಲಗೆ ಅಗೆಯೋಕೆ ಇದೇನು ಬೆಣ್ಣೆಯಾ ಸ್ವಾಮಿ? ಬರೀ ಬಂಡೆ. ಬದುಕಿದ್ದಾಗ ಈ ಮನುಷ್ಯ ಒಬ್ಬರ ಮಾತಿಗೂ ಬಗ್ಗಲಿಲ್ಲ. ಈಗ ಇವನ ನೆಲಾನೂ ಹಾಗೇ ಮಾಡ್ತಿದೆ."

"ಸತ್ತವನ ಮೇಲೆ ಯಾಕಪ್ಪಾ ಸಿಟ್ಟು?"

"ಸಿಟ್ಟಿರೋದಕ್ಕೇ ಅಗೀತಿರೋದು. ಇಲ್ದಿದ್ರೆ ಈ ಬಂಡೆ ಸೀಳೋ ಶಕ್ತಿ ನಂಗೆಲ್ಲಿಂದ ಬರಬೇಕು?" ಎನ್ನುತ್ತ ಸೆರೋಪ್ ತಲೆಗೆ ಸುತ್ತಿದ್ದ ಬಟ್ಟೆ ಬಿಚ್ಚಿ, ಗುದ್ದಲಿಯ ಬಾಯಿಗೆ ಕಟ್ಟಿ, ಮತ್ತೆ ಗುಂಡಿಗಿಳಿದ. ಈಗ ಪ್ರತಿ ಏಟೂ ಎದೆಯೊಳಗೆ ಗುದ್ದಿದಂತೆ ಧಬ್ ಧಬ್ಬೆಂದು ಕೇಳಿಸತೊಡಗಿತು.

ಅದು ೧೯೩೯ರ ಜುಲೈ. ಮೂಸಾ ಬೆಟ್ಟದ ಮಗ್ಗುಲಲ್ಲಿ, ಕೆಳಗೆ ಸಮುದ್ರ ಕಾಣುವಂತೆ ಕೂತಿದ್ದ ತುತೆನಿ ಎಂಬ ಆರ್ಮೇನಿಯನ್ನರ ಊರು. ದೊಡ್ಡ ಯುದ್ಧ ಮುಗಿದಾಗಿನಿಂದ ಆ ಸೀಮೆಯನ್ನು ಆಳಿಕೊಂಡಿದ್ದ ಫ್ರೆಂಚರು ಈಗ ಅದನ್ನು ತುರ್ಕಿಗೆ ಬಿಟ್ಟುಕೊಟ್ಟು ಹೊರಡುವವರಿದ್ದರು. ಆ ಯುದ್ಧದ ಕಾಲದಲ್ಲಿ, ಸುಲ್ತಾನನ ಸರ್ಕಾರವಿದ್ದಾಗ, ಆರ್ಮೇನಿಯನ್ನರನ್ನು ಊರೂರಿನಿಂದ ಎಬ್ಬಿಸಿ ಮರುಭೂಮಿಗೆ ನಡೆಸಿದ್ದನ್ನು ಮರೆತವರು ತುತೆನಿಯಲ್ಲಿ ಯಾರೂ ಇರಲಿಲ್ಲ. ಹೊಸ ಸರ್ಕಾರ ಏನೂ ಮಾಡಲಾರದು ಎಂದವರಿದ್ದರು; ಆದರೆ ಹಾಗೆಂದವರೂ ಗಂಟು ಕಟ್ಟಿದರು. ಕತ್ತೆ, ಹೇಸರಗತ್ತೆ, ಫ್ರೆಂಚರ ಲಾರಿ, ಸಿಕ್ಕಿದ್ದರ ಮೇಲೆ ಸಾಮಾನು ಹೇರಿಕೊಂಡು ಊರಿಗೆ ಊರೇ ತೆಂಕಣ ಕರಾವಳಿಯ ಡೇರೆಗಳ ಕಡೆ ಇಳಿದಿತ್ತು. ಉಳಿದಿದ್ದವರು ಈ ನಾಲ್ಕಾರು ಮನೆಯವರು. ಕೊನೆಯ ಲಾರಿ ಮಧ್ಯಾಹ್ನಕ್ಕೆ ಹೊರಡಬೇಕು. ಅಷ್ಟರೊಳಗೆ ತೊವ್ಮಾಸನನ್ನು ಮಣ್ಣುಮಾಡಬೇಕು.

ತೊವ್ಮಾಸ್ ಬಾಚಣಿಗೆ ಮಾಡುವವನು. ಹಿಂದಿನ ಸಂಜೆ ತನ್ನ ಗರಗಸಗಳನ್ನು ಗೋಣಿಯಲ್ಲಿ ಸುತ್ತಿಡುತ್ತಿದ್ದವನು ಇದ್ದಕ್ಕಿದ್ದಂತೆ ಹೊಸ್ತಿಲ ಮೇಲೆ ಕೂತು, ತಂಗಿ ನುವಾರ್ತಳನ್ನು ಕರೆದು ನೀರು ಕೇಳಿದ. ಅವಳು ತರುವಷ್ಟರಲ್ಲಿ ಗೋಡೆಗೆ ಒರಗಿ ಹೋಗಿಬಿಟ್ಟಿದ್ದ. ಕಣ್ಣು ಮಾತ್ರ ದಾರಿಯ ಕಡೆ ತೆರೆದಿತ್ತು. ಕೆಲವು ವಾರಗಳಿಂದ ಅವನು ಹಾಗೇ ಕೂತಿರುತ್ತಿದ್ದ, ಯಾರೋ ಬರುವುದನ್ನು ಕಾಯುವವನ ಹಾಗೆ.

ಇಗರ್ಜಿಯ ಹಿಂದೆ ಸ್ಮಶಾನವಿತ್ತು. ಆದರೆ ಅಲ್ಲಿ ಬೇಡವೆಂದವಳು ಅವನ ಹೆಂಡತಿ ಎಲ್ಮಾಸ್ತ್.

"ಆರ್ಮೇನಿಯನ್ನರು ಚಿನ್ನ ಹೂತಿಟ್ಟು ಹೋಗ್ತಿದಾರೆ ಅನ್ನೋ ಮಾತು ಸೀಮೆಯೆಲ್ಲ ಹಬ್ಬಿದೆ," ಎಂದಿದ್ದಳು ಬೆಳಿಗ್ಗೆ. "ಹಸಿ ಗೋರಿ ಕಂಡ್ರೆ ಯಾವನಾದ್ರೂ ಕಳ್ಳ ಅಗೀದೇ ಬಿಡ್ತಾನಾ ಸ್ವಾಮಿ? ಅವರ ಮೈ ಹೊರಗೆ ಬೀಳೋದು ಬೇಡ. ನಮ್ಮ ತೋಟದಲ್ಲೇ ಹೂಳಿ. ಗುಡ್ಡೆ ಮಾಡಬೇಡಿ, ಶಿಲುಬೆ ನೆಡಬೇಡಿ. ಮೇಲೆ ಎಲೆ ಹರಡಿಬಿಡಿ."

ಪಾದ್ರಿಗಳಿಗೆ ಅದು ಸರಿಕಾಣಲಿಲ್ಲ. ಆದರೆ ಇಗರ್ಜಿಯ ಗಂಟೆಯನ್ನೇ ಇಳಿಸಿ ಲಾರಿಗೆ ಹಾಕಿ ಕಳಿಸಿದ ಮೇಲೆ ಯಾವ ಶಾಸ್ತ್ರದ ಮಾತಾಡುವುದು? ತಲೆಯಾಡಿಸಿದರು.

ಈಗ ಗುಂಡಿಯೊಳಗಿಂದ ಸೆರೋಪನ ದನಿ ಬಂತು. "ನೋಡಿ ವಿಚಿತ್ರ. ಊರವರಿಗೆಲ್ಲ ಹೆಸರು ಹೇಳಿ, ಹೆಸರು ಹೇಳಿ ಅಂತ ಡಂಗುರ ಹೊಡೆದವನಿಗೆ ಹೆಸರಿಲ್ಲದ ಗುಂಡಿ. ಜಿನೀವಾದವರು ಅಳಿಯನಿಗೆ ಚೆನ್ನಾಗೇ ಮರ್ಯಾದೆ ಮಾಡಿದ್ರು!"



*

ತೊವ್ಮಾಸನಿಗೆ ಜಿನೀವಾದ ಅಳಿಯ ಎಂಬ ಹೆಸರು ಬಿದ್ದು ಹದಿನಾರು ವರ್ಷವಾಗಿತ್ತು. ಅದಕ್ಕೆ ಕಾರಣ ನುವಾರ್ತ್.

ಊರೂರು ಖಾಲಿ ಮಾಡಿಸಿದ ಆ ವರ್ಷ ತುತೆನಿಯವರು ಬೆಟ್ಟ ಹತ್ತಿ, ಕೊನೆಗೆ ಹಡಗು ಸಿಕ್ಕಿ ಈಜಿಪ್ಟಿಗೆ ಹೋಗಿ ಬದುಕಿಕೊಂಡರು. ಆದರೆ ನುವಾರ್ತ್ ಆಗ ಊರಲ್ಲಿರಲಿಲ್ಲ. ಬಾಣಂತಿ ಚಿಕ್ಕಮ್ಮನ ಮನೆಗೆಂದು ಬಡಗಣ ಪೇಟೆಗೆ ಹೋಗಿದ್ದ ಹುಡುಗಿ, ಆ ಪೇಟೆಯವರ ಜೊತೆಗೇ ಮರುಭೂಮಿಯ ಕಡೆ ನಡೆದಳು. ಯುದ್ಧ ಮುಗಿದು ಊರಿಗೆ ಮರಳಿದ ತೊವ್ಮಾಸ್ ಅವಳ ಹೆಸರಿನಲ್ಲಿ ಮೇಣದಬತ್ತಿ ಹಚ್ಚಲು ಒಪ್ಪಲಿಲ್ಲ. ಹಚ್ಚಿದರೆ ಸತ್ತಳೆಂದು ತಾನೇ ಹೇಳಿದ ಹಾಗಲ್ಲವೇ?

ಒಂದು ವಸಂತದಲ್ಲಿ ಅಲೆಪ್ಪೊದಿಂದ ಬಂದ ರೇಷ್ಮೆ ವ್ಯಾಪಾರಿಯೊಬ್ಬ ಸುದ್ದಿ ತಂದ. ಯುದ್ಧದಲ್ಲಿ ಕಳೆದುಹೋದ ಹೆಂಗಸರು ಮಕ್ಕಳನ್ನು ಹುಡುಕಿ ತರುವ ಒಂದು ಆಶ್ರಯಮನೆ ಅಲ್ಲಿದೆ. ಅದನ್ನು ನಡೆಸುವುದು ರಾಷ್ಟ್ರಸಂಘವಂತೆ. ಇನ್ನು ಮುಂದೆ ಯುದ್ಧವಾಗದಂತೆ ನೋಡಿಕೊಳ್ಳಲು ದೇಶದೇಶಗಳೆಲ್ಲ ಸೇರಿ ಜಿನೀವಾ ಎಂಬಲ್ಲಿ ಕಟ್ಟಿಕೊಂಡ ಸಂಘವಂತೆ. ಅಲ್ಲಿ ನುವಾರ್ತ್ ಎಂಬ ಹೆಣ್ಣೊಂದು ಬಂದಿದ್ದಾಳೆ. ಕೇಳಿದ್ದಕ್ಕೆಲ್ಲ "ತುತೆನಿ, ಸಮುದ್ರ ಕಾಣೋ ಊರು" ಎಂದಷ್ಟೇ ಹೇಳುತ್ತಾಳೆ.

ತೊವ್ಮಾಸ್ ಆ ದಿನವೇ ಹೊರಟ.

ಆಶ್ರಯಮನೆಯ ಅಂಗಳದ ಮರದಡಿ ಕೂತಿದ್ದವಳು ಅವನು ಕಳಿಸಿದ ಹುಡುಗಿಯಾಗಿರಲಿಲ್ಲ. ಗಲ್ಲದ ಮೇಲೆ, ಕೆಳದುಟಿಯ ಕೆಳಗೆ ಮರುಭೂಮಿಯ ಕುಲದವರು ಚುಚ್ಚಿದ ನೀಲಿ ಹಚ್ಚೆ. ಬಾಯಿಂದ ಬರುವುದು ಅರಬ್ಬಿ. ಆದರೆ ಅವ್ವ ಬೈಯುವಾಗ ಕರೆಯುತ್ತಿದ್ದ ಅಡ್ಡಹೆಸರನ್ನು ತೊವ್ಮಾಸ್ ಹೇಳಿದಾಗ ಅವಳ ಕತ್ತು ಸರ್ರನೆ ತಿರುಗಿತು.

ಮನೆಯ ಮೇಲ್ವಿಚಾರಕಿ, ತಾನೂ ಹಾಗೆಯೇ ಬದುಕಿ ಬಂದವಳು, ನುವಾರ್ತಳ ಮುಂದೆ ಕುಕ್ಕುರುಗಾಲಲ್ಲಿ ಕೂತು ಅರಬ್ಬಿಯಲ್ಲಿ ಕೇಳಿದಳು: "ಇವನು ನಿನ್ನ ಅಣ್ಣನಂತೆ. ಇವನ ಜೊತೆ ಹೋಗೋಕೆ ನಿಂಗೆ ಮನಸ್ಸಿದೆಯಾ? ನೀನೇ ಹೇಳಬೇಕು."

ನುವಾರ್ತ್ ನೆಲ ನೋಡಿದಳು. ಏನೋ ಹೇಳಲು ತುಟಿ ಅಲ್ಲಾಡಿತು.

"ಇದೇನು ಕೇಳ್ತೀರಿ ತಾಯಿ?" ಎಂದ ತೊವ್ಮಾಸ್, ಅಳುತ್ತ, ನಗುತ್ತ. "ಸ್ವಂತ ಅಣ್ಣ ಬಂದಿದ್ದೀನಿ. ಬರ್ತಾಳೆ. ಹೂಂ ಅಂದ ಹಾಗೇ ಅಂತ ಬರ್ಕೊಳ್ಳಿ."

ರೈಲಿನಲ್ಲಿ ಮಧ್ಯದಲ್ಲೆಲ್ಲೋ ತೊವ್ಮಾಸ್ ರೊಟ್ಟಿ ಕೊಡಲು ತಿರುಗಿ ನೋಡಿದಾಗ ಅವಳ ಅಂಗಿ ಎದೆಯ ಮೇಲೆ ಎರಡೂ ಕಡೆ ತೊಯ್ದಿತ್ತು. ಅವನಿಗೂ ಮನೆಯಲ್ಲಿ ಹಸುಗೂಸಿತ್ತು. ಅದೇನೆಂದು ಯಾರೂ ಹೇಳಬೇಕಾಗಿರಲಿಲ್ಲ. ಕೋಟು ಬಿಚ್ಚಿ ಅವಳ ಹೆಗಲ ಮೇಲೆ ಹೊದಿಸಿ, ಆಮೇಲೆ ಇಳಿಯುವವರೆಗೂ ಕಿಟಕಿಯ ಹೊರಗೇ ನೋಡುತ್ತಿದ್ದ. ಆ ವಿಷಯವನ್ನು ಅವಳಲ್ಲೂ ಎತ್ತಲಿಲ್ಲ, ಮನೆಯಲ್ಲೂ ಎತ್ತಲಿಲ್ಲ.

ಊರಿನಲ್ಲಿ ಮಾತ್ರ ಅವನ ಬಾಯಿಗೆ ಬೀಗವಿರಲಿಲ್ಲ. "ನಾನು ಕಾಣದ ಊರಲ್ಲಿ ಕೂತವರು, ನಂಗೆ ಹೆಸರೂ ಗೊತ್ತಿಲ್ಲದ ಡೇರೆಯ ಬಾಗಿಲು ತಟ್ಟಿ, ನನ್ನ ತಂಗೀನ ಹುಡುಕಿ ತಂದ್ರು ಕಣ್ರೋ. ಯಾಕೆ? ನಾನೇನು ಅವರ ನೆಂಟನಾ? ಕಾಲ ಬದಲಾಯ್ತು. ಇನ್ಮೇಲೆ ಸಣ್ಣ ಜನಾನ ಕೇಳದೆ ಅತ್ತ ಇತ್ತ ಸಾಗಿಸೋ ಹಾಗಿಲ್ಲ."

"ನೆಂಟನಲ್ದೆ ಏನು? ಅಳಿಯನೇ ಇರಬೇಕು," ಎಂದಿದ್ದ ಸೆರೋಪ್, ಮಗ್ಗದ ಹಿಂದಿನಿಂದ.

*

ಎಲ್ಮಾಸ್ತ್ ಮತ್ತು ನುವಾರ್ತ್ ಒಳಗೆ ಹೆಣ ತೊಳೆದು, ಮಗಳ ಮದುವೆಗೆಂದು ನೇಯ್ದು ಉಳಿದಿದ್ದ ಕಚ್ಚಾ ರೇಷ್ಮೆಯಲ್ಲಿ ಸುತ್ತಿದರು. ಮಗಳು ಝಾರುಹಿ ತುಂಬು ಬಸುರಿ. ಗೋಡೆಗೆ ಒರಗಿ ಕೂತು ಅಪ್ಪನ ಕಾಲ ಮೇಲೆ ಕೈಯಿಟ್ಟುಕೊಂಡಿದ್ದಳು. ಅವಳ ಗಂಡ ಡೇರೆ ಹಾಕಲೆಂದು ಆಗಲೇ ಕರಾವಳಿಗೆ ಹೋಗಿದ್ದ.

ಹೊರಗೆ ಎಂಜಿನ್ನಿನ ಸದ್ದಾದರೆ ಮೂವರೂ ತಲೆಯೆತ್ತುತ್ತಿದ್ದರು. ಲಾರಿ ಎಂದು ಗೊತ್ತಾದ ಮೇಲೆ ಮತ್ತೆ ಕೆಲಸಕ್ಕೆ ಬಗ್ಗುತ್ತಿದ್ದರು.

ಅಳಲು ಬಂದಿದ್ದ ಸೆರೋಪನ ಹೆಂಡತಿ ಬಾಗಿಲಲ್ಲೇ ನಿಂತು ಪಿಸುಗುಟ್ಟಿದಳು. "ಆಂಟಿಯೋಕ್‌ನಲ್ಲಿ ನಮ್ಮವರ ಅಂಗಡಿ ಬಾಗಿಲಿಗೆ ಸೀಮೆಸುಣ್ಣದಲ್ಲಿ ಗುರುತು ಹಾಕಿದಾರಂತೆ. ಹೋದ ವರ್ಷ ರಾಷ್ಟ್ರಸಂಘದವರ ಮೇಜಿನ ಮುಂದೆ ನಿಂತು ಹೆಸರು ಹೇಳಿದವರ ಮನೆಗೇ ಮೊದಲು ಬರ್ತಾರಂತೆ."

"ಯಾರು ಹೇಳಿದ್ದು?" ಎಂದಳು ಎಲ್ಮಾಸ್ತ್.

"ಎಲ್ಲರೂ ಹೇಳ್ತಿದಾರೆ."

"ಎಲ್ಲರೂ ಅಂದ್ರೆ?"

ಅವಳು ಹೆಣದ ಕಡೆ ಕಣ್ಣು ಹಾಯಿಸಿ, "ನಿನ್ನ ಗಂಡ ಒಳ್ಳೆಯವನೇ ಕಣೇ ಎಲ್ಮಾಸ್ತ್. ಆದ್ರೆ ನಮ್ಮ ಸೆರೋಪ್ ಬೇಡ ಬೇಡ ಅಂದ್ರೂ ಎಳ್ಕೊಂಡು ಹೋಗಿ ಆ ಮೇಜಿನ ಮುಂದೆ ನಿಲ್ಲಿಸಿದ. ಈಗ ನನ್ನ ಮಕ್ಕಳು ನಿದ್ದೇಲಿ ಕಿರುಚ್ತಾವೆ," ಎಂದಳು.

"ಇವರೂ ಕಿರುಚ್ತಿದ್ರು," ಎಂದಳು ಎಲ್ಮಾಸ್ತ್ ಬಟ್ಟೆಯ ತುದಿಯನ್ನು ಗಂಟು ಹಾಕುತ್ತ. "ಎದ್ದು ಕೂತು ನಿಮ್ಮೆಲ್ಲರ ಹೆಸರು ಹೇಳ್ತಿದ್ರು. ಸೆರೋಪ್, ಸೆರೋಪ್ ಅಂತ ಎಷ್ಟು ಸಲ ಕೂಗಿದ್ರೋ. ಸಾಕಾ?"

ಬಾಗಿಲಲ್ಲಿದ್ದವಳು ಒಳಗೆ ಬಂದು ಹೆಣದ ತಲೆಯ ಬಳಿ ಕೂತಳು. ಸ್ವಲ್ಪ ಹೊತ್ತಿಗೆ ಅವಳ ಅಳು ಶುರುವಾಯಿತು. ಜೋರಾಗಿ ಅಳುವ ಧೈರ್ಯವಿರಲಿಲ್ಲ. ಮುಸುಕಿನ ತುದಿಯನ್ನು ಬಾಯಿಗೆ ತುರುಕಿಕೊಂಡಿದ್ದಳು.

*

ಹಿಂದಿನ ವರ್ಷದ ಮೇ ತಿಂಗಳಲ್ಲಿ ಚೌಕದ ಚಿನಾರ್ ಮರದಡಿ ರಾಷ್ಟ್ರಸಂಘದವರು ಮೇಜು ಹಾಕಿದ್ದರು. ಸೀಮೆ ಯಾರ ಪಾಲಾಗಬೇಕು ಎನ್ನುವ ಜಗಳ. ಚುನಾವಣೆಗೆ ಮೊದಲು ಇಲ್ಲಿನ ಗಂಡಸರು ಒಬ್ಬೊಬ್ಬರಾಗಿ ಬಂದು, ತಾನು ಯಾವ ಜನ ಎಂದು ಬಾಯಿಬಿಟ್ಟು ಹೇಳಬೇಕು. ಬೆತ್ತದ ಟೋಪಿಯ ಪರದೇಶದವನೊಬ್ಬ, ಪಕ್ಕದಲ್ಲಿ ದುಭಾಷಿ. ಚೌಕದ ಅಂಚಿನಲ್ಲಿ ಗೋಡೆಗೆ ಬೆನ್ನು ಕೊಟ್ಟು, ಬೇರೆ ಊರಿನ ಕೆಲವರು ಸುಮ್ಮನೆ ನೋಡುತ್ತ ನಿಂತಿದ್ದರು. ಅವರು ಯಾರ ಕಡೆಯವರೆಂದು ಯಾರಿಗೂ ಗೊತ್ತಿರಲಿಲ್ಲ. ಅದಕ್ಕೇ ಎಲ್ಲರಿಗೂ ಅವರದೇ ಹೆದರಿಕೆ.

ತೊವ್ಮಾಸ್ ಹಬ್ಬದ ಅಂಗಿ ತೊಟ್ಟು ಬಂದಿದ್ದ. ಎಲ್ಲರಿಗಿಂತ ಮೊದಲು ಹೋಗಿ ನಿಂತು ಹೇಳಿದ. ದುಭಾಷಿಗೆ ಮಾತ್ರವಲ್ಲ, ಗೋಡೆಯ ಬಳಿ ನಿಂತವರಿಗೂ ಕೇಳುವ ಹಾಗೆ: "ತೊವ್ಮಾಸ್. ತುತೆನಿಯವನು. ಆರ್ಮೇನಿಯನ್."

ಆಮೇಲೆ ಸೆರೋಪನ ಮನೆಗೆ ಹೋದ. ಸೆರೋಪ್ ಮಗ್ಗದ ಗುಂಡಿಯಿಂದ ಎದ್ದೇ ಇರಲಿಲ್ಲ.

"ನಾನು ಬರಲ್ಲ. ನಂಗೆ ಹೊಟ್ಟೆನೋವು."

"ನಿಂದು ಹೊಟ್ಟೆನೋವಲ್ಲ, ಪುಕ್ಕಲು."

"ಹೌದು, ಪುಕ್ಕಲೇ. ಪುಕ್ಕಲರಿಗೆ ಮೊಮ್ಮಕ್ಕಳಾಗ್ತಾವೆ. ಆ ಟೋಪಿಯವನು ನಾಳೆ ಹಡಗು ಹತ್ತುತಾನೆ ತೊವ್ಮಾಸ್. ಆಮೇಲೆ ನಮ್ಮನ್ನ ನೋಡಿಕೊಳ್ಳೋದು ಆ ಗೋಡೆ ಹತ್ರ ನಿಂತವರು. ನಿನ್ನ ಜಿನೀವಾದ ಮಾತು ಬೋಳುತಲೆಯವನಿಗೆ ಬಾಚಣಿಗೆ ಮಾರಿದ ಹಾಗೆ."

ತೊವ್ಮಾಸ್ ಮಗ್ಗದ ಅಂಚಿನಲ್ಲಿ ಕೂತ. ದನಿ ತಗ್ಗಿಸಿದ. "ನಂಗೂ ಭಯ ಇದೆ ಕಣೋ. ನಾಲಿಗೆ ಒಣಗಿ ಹೋಗಿತ್ತು. ಆದ್ರೆ ಆವತ್ತು ನಮ್ಮನ್ನ ಎಬ್ಬಿಸಿದಾಗ ಯಾರಾದ್ರೂ ಕುರ್ಚಿ ಹಾಕ್ಕೊಂಡು ಕೂತು, ಅಪ್ಪಾ ನೀನು ಯಾರು, ನಿಂಗೇನು ಬೇಕು ಅಂತ ಕೇಳಿದ್ರಾ? ಈಗ ಕೇಳ್ತಿದಾರೆ. ಕೇಳಿದಾಗಲೂ ನಾವು ಹೇಳದಿದ್ರೆ, ಇನ್ನು ಯಾವತ್ತೂ ಯಾರೂ ಕೇಳಲ್ಲ."

ಸೆರೋಪ್ ಎದ್ದ. ಮೇಜಿನ ಮುಂದೆ ನಿಂತು ಹೇಳಿದ. ಅವನ ಹಿಂದೆ ಇಡೀ ಕೇರಿ ಹೇಳಿತು.

ಸಾಲಿನಲ್ಲಿ ನಿಂತವರಿಗೆ ನೀರು ಕೊಡುತ್ತಿದ್ದ ನುವಾರ್ತ್ ಹೂಜಿಯನ್ನು ಸೊಂಟಕ್ಕಿಟ್ಟುಕೊಂಡು ಅಣ್ಣನ ಬಳಿ ಬಂದಳು. "ಹೆಂಗಸರನ್ನೂ ಕೇಳ್ತಾರಾ?"

ತೊವ್ಮಾಸ್ ನಕ್ಕ. ಅವನಿಗೆ ಆ ದಿನ ಎಲ್ಲದಕ್ಕೂ ನಗು. "ಇಲ್ಲ ಕಣೇ, ಗಂಡಸರನ್ನ ಮಾತ್ರ. ನಿನ್ನ ಪಾಲಿಂದು ನಾನೇ ಹೇಳಿದ್ದೀನಿ ಬಿಡು."

ಜೂನಿನಲ್ಲಿ ಆ ಕೆಲಸ ಅರ್ಧಕ್ಕೇ ನಿಂತಿತು. ಮೇಜಿನವರು ಹೊರಟುಹೋದರು. ದೊಡ್ಡ ದೇಶಗಳು ತಮ್ಮತಮ್ಮಲ್ಲೇ ಮಾತು ಮುಗಿಸಿಕೊಂಡಿದ್ದವು. ಅದಾದ ಮೇಲೂ ತೊವ್ಮಾಸ್, ಜಿನೀವಾದಿಂದ ಏನಾದರೂ ಬರುತ್ತದೆ ಎನ್ನುತ್ತ ಚಳಿಗಾಲ ಕಳೆದ. ಈ ವರ್ಷ ಊರು ಬಿಡಬೇಕೆಂದು ಖಚಿತವಾದ ದಿನ ಅಂಗಡಿಯ ಬಾಗಿಲು ಹಾಕಿದವನು ಮತ್ತೆ ತೆರೆಯಲಿಲ್ಲ. ದಾರಿಯಲ್ಲಿ ಎದುರಾದವರ ಮುಖ ನೋಡಲಿಲ್ಲ. ಸೆರೋಪ್ ಒಂದು ಸಲ ಬೇಕೆಂದೇ ಎದುರಿಗೆ ನಿಂತು, "ಏನಪ್ಪಾ ಅಳಿಯಾ, ಮಾವನ ಮನೆಯಿಂದ ಸಮಾಚಾರ ಬಂತಾ?" ಎಂದ. ತೊವ್ಮಾಸ್ ಪಕ್ಕಕ್ಕೆ ಸರಿದು ದಾರಿ ಬಿಟ್ಟ. ಸೆರೋಪನಿಗೆ ಆ ಮೌನವೇ ಎಲ್ಲಕ್ಕಿಂತ ಹೆಚ್ಚು ಭಯ ಹುಟ್ಟಿಸಿತು.

*

ಏಣಿಯ ಮೇಲೆ ಮಲಗಿಸಿ ತಂದರು. ಸೆರೋಪ್ ತಲೆಯ ಕಡೆ ಹೆಗಲು ಕೊಟ್ಟಿದ್ದ. ಹಾಡಿಲ್ಲ, ಗಂಟೆಯಿಲ್ಲ. ಪಾದ್ರಿಗಳು ಪುಸ್ತಕವನ್ನು ಮುಖದ ಹತ್ತಿರ ಹಿಡಿದು, ಗುಟ್ಟು ಹೇಳುವವರಂತೆ ಓದತೊಡಗಿದರು.

ಅರ್ಧ ಓದಿದ್ದರೋ ಇಲ್ಲವೋ, ಗೊರಸಿನ ಸದ್ದು ಕೇಳಿತು.

ಮೇಲಿನ ದಾರಿಯಲ್ಲಿ ಇಬ್ಬರು ಸವಾರರು. ತುರ್ಕಿ ಸಿಪಾಯಿಗಳು. ಹೋದ ಬೇಸಿಗೆಯಿಂದಲೇ ಅವರು ಫ್ರೆಂಚರ ಜೊತೆ ಸೀಮೆಯಲ್ಲಿ ಓಡಾಡಿಕೊಂಡಿದ್ದರೂ ತುತೆನಿಯ ತೋಟದವರೆಗೆ ಎಂದೂ ಬಂದಿರಲಿಲ್ಲ. ಕುದುರೆಗಳು ನಿಂತವು. ಒಬ್ಬ ಇಳಿದ. ಲಗಾಮನ್ನು ಜೊತೆಗಾರನ ಕೈಗೆ ಕೊಟ್ಟು, ತೋಟದ ಮೆಟ್ಟಿಲುಗಳನ್ನು ನಿಧಾನವಾಗಿ ಇಳಿಯತೊಡಗಿದ. ಬಂದೂಕು ಬೆನ್ನಿನ ಮೇಲಿತ್ತು.

ಯಾರೂ ಓಡಲಿಲ್ಲ. ಝಾರುಹಿ ಎರಡೂ ಕೈಯಿಂದ ಹೊಟ್ಟೆ ಮುಚ್ಚಿಕೊಂಡಳು. ನುವಾರ್ತ್ ಮುಸುಕನ್ನು ಕಣ್ಣಿನವರೆಗೆ ಎಳೆದು ಗುಂಡಿಯ ಅಂಚಿನಲ್ಲಿ ಕುಸಿದು ಕೂತಳು.

"ಏನು ಹೂಳ್ತಿದ್ದೀರಿ?" ಸಿಪಾಯಿ ತುರ್ಕಿಯಲ್ಲಿ ಕೇಳಿದ. ಎಲ್ಲರಿಗೂ ಆ ಭಾಷೆ ಗೊತ್ತಿತ್ತು.

ಅವನು ಗುಂಡಿ ನೋಡಿದ, ಬಟ್ಟೆ ಸುತ್ತಿದ ಗುದ್ದಲಿ ನೋಡಿದ. "ಸ್ಮಶಾನ ಆ ಕಡೆ ಇದೆಯಲ್ಲ? ಇಲ್ಲಿ ಯಾಕೆ?"

ಪಾದ್ರಿ ನೆರ್ಸೆಸ್ ಬಗ್ಗಿದರು. ರೇಷ್ಮೆಯ ಗಂಟು ಬಿಚ್ಚಲು ಅವರಿಗೆ ಆಗಲಿಲ್ಲ. ಎಲ್ಮಾಸ್ತಳೇ ಮುಂದೆ ಬಂದು, ಬಿಚ್ಚಿ, ಗಂಡನ ಮುಖ ತೆರೆದು ತೋರಿಸಿದಳು.

"ನನ್ನ ಯಜಮಾನರು," ಎಂದಳು. "ಈ ತೋಟ ಅಂದ್ರೆ ಅವರಿಗೆ ಇಷ್ಟ."

ಸಿಪಾಯಿ ಆ ಮುಖವನ್ನು ಸ್ವಲ್ಪ ಹೊತ್ತು ನೋಡಿದ. ಅವನ ಮೀಸೆ ಇನ್ನೂ ಎಳೆಯದು. ಎರಡೂ ಅಂಗೈಯನ್ನು ಎದೆಯ ಮುಂದೆ ತೆರೆದು, ದೇವರು ಇವರಿಗೆ ಕರುಣೆ ತೋರಲಿ ಎಂದು ತನ್ನ ಧರ್ಮದ ಮಾತಿನಲ್ಲಿ ಹೇಳಿ, ಮುಖ ಸವರಿಕೊಂಡ. ಹೋಗುವಾಗ ಮೆಟ್ಟಿಲ ಮೇಲೆ ಒಮ್ಮೆ ನಿಂತು ತಿರುಗಿ ನೋಡಿದ. ಹಿಪ್ಪುನೇರಳೆ ಮರಗಳನ್ನು, ಬಾವಿಯನ್ನು, ಮನೆಯನ್ನು. ಆಮೇಲೆ ಕುದುರೆ ಹತ್ತಿದ.

ಗೊರಸಿನ ಸದ್ದು ಪೂರ್ತಿ ಅಡಗುವವರೆಗೂ ಯಾರೂ ಅಲ್ಲಾಡಲಿಲ್ಲ.

"ಒಳ್ಳೆ ಹುಡುಗ," ಎಂದರು ಪಾದ್ರಿಗಳು.

"ಒಳ್ಳೆಯವನಾ, ಜಾಗ ಗುರುತು ಹಾಕ್ಕೊಂಡನಾ?" ಎಂದ ಸೆರೋಪ್. ಅವನ ಹಣೆಯಿಂದ ಬೆವರು ಹನಿಹನಿಯಾಗಿ ಗುಂಡಿಗೆ ಬೀಳುತ್ತಿತ್ತು. "ತಿರುಗಿ ಯಾಕೆ ನೋಡಿದ?"

ಬೇರೆ ಗುಂಡಿ ತೋಡಲು ಹೊತ್ತಿರಲಿಲ್ಲ. ತೊವ್ಮಾಸನನ್ನು ಅಲ್ಲೇ ಇಳಿಸಿದರು. ಮಣ್ಣು ಎಳೆದು, ಕಾಲಲ್ಲಿ ತುಳಿದು ಸಮ ಮಾಡಿದರು. ಸೆರೋಪ್ ತುಳಿಯಲು ಹಿಂಜರಿದ. ಆಮೇಲೆ ಜೋಡು ಕಳಚಿಟ್ಟು, ಬರಿಗಾಲಲ್ಲಿ, "ಕ್ಷಮಿಸು, ಕ್ಷಮಿಸು" ಎನ್ನುತ್ತ ತುಳಿದ. ಎಲ್ಮಾಸ್ತ್ ಹಿಪ್ಪುನೇರಳೆಯ ಒಣ ಎಲೆ ತಂದು ಹರಡಿದಳು. ಎರಡು ಹೆಜ್ಜೆ ಹಿಂದೆ ಸರಿದು ನಿಂತರೆ, ಎಲ್ಲಿ ಅಗೆದಿದ್ದರೆಂದು ಅವಳಿಗೇ ತಿಳಿಯದಾಯಿತು.

*

ಲಾರಿಯವನು ಹಾರನ್ನು ಒತ್ತುತ್ತಲೇ ಇದ್ದ. ಹಾಸಿಗೆ, ಕಡಾಯಿ, ಮಗ್ಗದ ತುಂಡು, ಕೋಳಿಗೂಡುಗಳ ನಡುವೆ ಜನ ಹತ್ತಿ ಸಂದಿಗೊಂದಿಯಲ್ಲಿ ಕೂತರು. ಝಾರುಹಿಯನ್ನು ಮೂವರು ಸೇರಿ ಹತ್ತಿಸಿದರು. ನುವಾರ್ತ್ ಲಾರಿಯಿಂದ ದೂರದಲ್ಲಿ, ಮನೆಯ ಗೋಡೆಗೆ ಬೆನ್ನು ಆನಿಸಿ ನಿಂತಿದ್ದಳು.

"ಹತ್ತು ನುವಾರ್ತ್," ಎಂದಳು ಎಲ್ಮಾಸ್ತ್.

ಅವಳು ಇಲ್ಲವೆಂದು ತಲೆಯಾಡಿಸಿದಳು.

"ಇದೇನು ಹುಚ್ಚು! ಆ ಇಬ್ಬರು ಇಲ್ಲೇ ಎಲ್ಲೋ ಇದಾರೆ," ಎನ್ನುತ್ತ ಸೆರೋಪ್ ಕೆಳಗೆ ಧುಮುಕಿ ಬಂದು ಅವಳ ರಟ್ಟೆ ಹಿಡಿದ. "ಸ್ವಾಮಿ, ನೀವೊಂದು ಕಡೆ ಹಿಡ್ಕೊಳ್ಳಿ. ಎತ್ತಿ ಹಾಕಿಬಿಡೋಣ. ಆಮೇಲೆ ಬೇಕಾದ್ರೆ ಬೈಲಿ."

ನುವಾರ್ತ್ ಕಿರುಚಲಿಲ್ಲ. ಕಣ್ಣು ಮುಚ್ಚಿ, ಮೈ ಕಲ್ಲು ಮಾಡಿಕೊಂಡು ನಿಂತಳು. ಹೀಗೆ ನಿಲ್ಲುವುದು ಅವಳಿಗೆ ಹೊಸದಲ್ಲವೆಂದು ನೋಡಿದರೇ ತಿಳಿಯುತ್ತಿತ್ತು. ಎಲ್ಮಾಸ್ತ್ ಅದನ್ನು ನೋಡಿದಳು.

"ಕೈ ಬಿಡು ಸೆರೋಪ್."

"ಅಕ್ಕಾ, ಹೊತ್ತಿಲ್ಲ."

"ಬಿಡು ಅಂದೆ."

ಅವನು ಬಿಟ್ಟ. ಎಲ್ಮಾಸ್ತ್ ನಾದಿನಿಯ ಹತ್ತಿರ ಹೋಗಿ ನಿಂತಳು. "ಯಾಕೆ?"

ನುವಾರ್ತ್ ಎಲ್ಮಾಸ್ತಳಿಗೆ ಮಾತ್ರ ಕೇಳುವಂತೆ ಹೇಳಿದಳು. "ನಂಗೊಬ್ಬ ಮಗ ಇದಾನೆ ಅತ್ತಿಗೆ."

ಎಲ್ಮಾಸ್ತಳ ಕೈ ತನ್ನ ಬಾಯಿಗೆ ಹೋಯಿತು.

"ಮೊಲೆ ಬಿಟ್ಟಿರಲಿಲ್ಲ. ಮಲಗಿದ್ದ. ಎತ್ಕೊಂಡ್ರೆ ಎಚ್ಚರಾಗಿ ಅಳ್ತಾನೆ, ಮರುಭೂಮಿಯ ಡೇರೆಯವರು ನನ್ನನ್ನ ಬಿಡಲ್ಲ ಅಂತ, ಹುಡುಕಿ ಬಂದವರ ಜೊತೆ ಹಾಗೇ ಬಂದುಬಿಟ್ಟೆ. ಬರುವಾಗ ಕಿವಿಯಲ್ಲಿ ಹೇಳಿ ಬಂದೆ: ತುತೆನಿ, ಸಮುದ್ರ ಕಾಣೋ ಊರು. ಅವನ ಅಜ್ಜಿಗೂ ಎಷ್ಟೋ ಸಲ ಹೇಳಿದ್ದೆ. ಅವಳು ಒಳ್ಳೆಯವಳು, ಅವನಿಗೆ ಹೇಳಿರ್ತಾಳೆ. ಈಗ ಅವನು ಕುದುರೆ ಹತ್ತೋಷ್ಟು ದೊಡ್ಡವನು." ಅವಳು ಉಗುಳು ನುಂಗಿದಳು. "ನೀವು ಹೋಗೋ ಕಡೆಯ ಹೆಸರು ನಂಗೆ ಗೊತ್ತಿಲ್ಲ, ಅವನಿಗೂ ಗೊತ್ತಿಲ್ಲ."

"ನಿಮ್ಮಣ್ಣನಿಗೆ ಗೊತ್ತಿತ್ತಾ?"

"ಗೊತ್ತಿತ್ತು. ಕೇಳಲಿಲ್ಲ. ಕೇಳಿದ್ರೆ ನಾನು ವಾಪಸ್ ಹೋಗ್ತೀನಿ ಅಂತ ಅವನಿಗೆ ಭಯ."

ಹಾರನ್ನು ಮತ್ತೆ ಕೂಗಿತು. ಲಾರಿಯ ಮೇಲಿಂದ ಝಾರುಹಿ "ಅಮ್ಮಾ!" ಎಂದಳು. ಎಲ್ಮಾಸ್ತಳಿಗೆ ಒಂದು ಕ್ಷಣ, ಹೌದು ಸೆರೋಪ್, ಎತ್ತಿ ಹಾಕು ಎನ್ನುವ ಮಾತು ನಾಲಿಗೆಯ ತುದಿಗೆ ಬಂತು. ಹಾಗೆಂದುಬಿಟ್ಟರೆ ಇವಳು ಬದುಕುತ್ತಾಳೆ. ರಾತ್ರಿಯೆಲ್ಲ ಇವಳಿಗೇನಾಯಿತೋ ಎಂದು ಹೆದರುವುದು ತಪ್ಪುತ್ತದೆ. ಅವಳು ಆ ಮಾತನ್ನು ನುಂಗಿ, ನುವಾರ್ತಳ ಎರಡೂ ಕೈ ಹಿಡಿದುಕೊಂಡಳು.

"ನೋಡು, ನ್ಯಾಯವಾಗಿ ಕೇಳ್ತಿದ್ದೀನಿ. ಬರ್ತೀಯಾ, ಇರ್ತೀಯಾ?"

ಪ್ರಶ್ನೆ ಅರ್ಥವಾಗದವಳಂತೆ ನುವಾರ್ತ್ ನೋಡಿದಳು. "ನನ್ನ ಕೇಳ್ತಿದ್ದೀಯಾ?"

"ಇನ್ಯಾರನ್ನ ಕೇಳಲಿ?"

ನುವಾರ್ತ್ ಗುಡ್ಡದ ದಾರಿಯ ಕಡೆ ನೋಡಿದಳು, ಖಾಲಿ ಕೇರಿಯ ಕಡೆ ನೋಡಿದಳು. "ಭಯ ಆಗ್ತಿದೆ ಅತ್ತಿಗೆ," ಎಂದಳು. "ತುಂಬಾ ಭಯ ಆಗ್ತಿದೆ." ಆಮೇಲೆ, "ಇರ್ತೀನಿ," ಎಂದಳು.

ಎಲ್ಮಾಸ್ತ್ ಅವಳ ಹಣೆಗೆ ಮುತ್ತಿಟ್ಟು, ತಿರುಗಿ ನೋಡದೆ ಲಾರಿ ಹತ್ತಿದಳು. ತಿರುಗಿ ನೋಡಿದ್ದರೆ ಹತ್ತುತ್ತಿರಲಿಲ್ಲ.

ಸೆರೋಪ್ ಮಾತ್ರ ಇನ್ನೂ ಕೆಳಗಿದ್ದ. ಹೆಂಡತಿ ಕೂಗುತ್ತಿದ್ದರೂ ಕೇಳದೆ ಲಾರಿಯ ಹಿಂಬದಿಗೆ ಹೋಗಿ, ತನ್ನ ಸಾಮಾನಿನೊಳಗಿಂದ ಗೋಧಿನುಚ್ಚಿನ ಮೂಟೆಯನ್ನು ಎಳೆದು ಹೆಗಲಿಗೇರಿಸಿ, ತಂದು ನುವಾರ್ತಳ ಬಾಗಿಲಲ್ಲಿಟ್ಟ. "ಹುಳ ಬಿದ್ದಿದೆ. ಹೇಗೂ ಎಸೀಬೇಕಿತ್ತು," ಎಂದ. ಅದರಲ್ಲಿ ಹುಳವಿರಲಿಲ್ಲ. ಓಡುವ ಲಾರಿಯನ್ನು ಹಿಡಿದು ಹತ್ತಿದ.

ಇಳಿಜಾರಿನ ಪ್ರತಿ ತಿರುವಿನಲ್ಲೂ ಮುಂದೆ ಯಾರಾದರೂ ಅಡ್ಡ ನಿಂತಿರಬಹುದೆಂದು ಎಲ್ಲರ ಕತ್ತು ನೀಳವಾಗುತ್ತಿತ್ತು. ಕೊನೆಯ ತಿರುವಿನಲ್ಲಿ ದಾರಿ ಸಮುದ್ರದ ಕಡೆ ಹೊರಳಿದಾಗ ಊರು ಪೂರ್ತಿ ಕಣ್ಣಿಗೆ ಬಿತ್ತು. ಕಲ್ಲುಮನೆಗಳು, ಮಾಡುಗಳು, ಮೆಟ್ಟಿಲು ಮೆಟ್ಟಿಲಾಗಿ ತೋಟಗಳು. ಬಿಸಿಲಿನಲ್ಲಿ ಎಲ್ಲವೂ ಬಿಳಿಚಿಕೊಂಡು ಅಲುಗಾಡದೆ ಕೂತಿದ್ದವು.

"ಅಯ್ಯೋ, ಒಲೆ ಹಚ್ಚಿದಾಳೆ," ಎಂದಳು ಝಾರುಹಿ.

ಅಷ್ಟೂ ಮನೆಗಳಲ್ಲಿ ಒಂದೇ ಒಂದು ಮನೆಯಿಂದ ಹೊಗೆ ಏಳುತ್ತಿತ್ತು. ಪಾದ್ರಿಗಳು ಶಿಲುಬೆಯ ಗುರುತು ಮಾಡಿಕೊಂಡರು. ಸೆರೋಪ್, "ಆರಿಸೇ, ಆರಿಸೇ ತಾಯಿ," ಎಂದು ಗೊಣಗಿದ, ಅವಳಿಗೆ ಕೇಳಿಸುವುದೋ ಎಂಬಂತೆ. ಎಲ್ಮಾಸ್ತ್ ರೆಪ್ಪೆ ಬಡಿಯದೆ ನೋಡುತ್ತಿದ್ದಳು. ಗಾಳಿಯಿರಲಿಲ್ಲ. ಹೊಗೆ ಬಾಗದೆ, ಚದುರದೆ, ನೆಟ್ಟಗೆ ಮೇಲೇರಿ ನಿಂತಿತ್ತು. ಸಮುದ್ರದಿಂದ ನೋಡುವವರಿಗೂ, ಮೂಡಣ ಬಯಲಿನಿಂದ ಬರುವವರಿಗೂ, ಗುಡ್ಡದ ಮೇಲಿನ ದಾರಿಯವರಿಗೂ ಒಂದೇ ಸಮ ಕಾಣುವ ಹಾಗೆ.